ಗದ್ದುಗೆ ಮುಟ್ಟದ ಕೈ

ನಾನು ಸಿಟ್ಟಿನ ಸ್ವಾಮಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾವಿ ಉಟ್ಟವನೆಂದರೆ ತಣ್ಣಗಿನ ಮನುಷ್ಯ ಎಂದು ಜನ ನಂಬಿರುತ್ತಾರೆ. ನನ್ನ ಮಠಕ್ಕೆ ಬಂದವರಿಗೆ ಆ ನಂಬಿಕೆ ಅರ್ಧ ತಾಸಿನಲ್ಲಿ ಬಿಟ್ಟುಹೋಗುತ್ತದೆ. ಬಬಲೇಶ್ವರದಿಂದ ತಿಕೋಟಾ ಕಡೆ ಹೋಗುವಾಗ ಸಿಗುವ ಒಂದು ಊರು, ಊರ ನಡುವೆ ಸಣ್ಣ ಮಠ, ಮಠದೊಳಗೆ ಹಳೆಯ ಗುರುಗಳ ಗದ್ದುಗೆ. ಅವರನ್ನು ಹೂಳಿದ ಜಾಗದ ಮೇಲೆ ಕಟ್ಟಿದ ಕಲ್ಲಿನ ಪೀಠ ಅದು. ಆ ಕಲ್ಲಿಗೆ ದಿನಾ ನೀರು, ವಿಭೂತಿ, ಪತ್ರಿ ಏರಿಸುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ.

ಇಂಥವನನ್ನು ಪೊಲೀಸರು ಶಾಂತಿ ಸಭೆಗೆ ಕರೆಯುತ್ತಾರೆ. ಗಣಪತಿ ಹಬ್ಬಕ್ಕೆ ಒಂದು ಸಭೆ, ಬಕ್ರೀದಿಗೆ ಒಂದು ಸಭೆ. ಅಲ್ಲಿಯೇ ನನಗೆ ಮೌಲಾನಾರ ಪರಿಚಯವಾದದ್ದು. ಅವರು ವಿಜಯಪುರದವರು, ನಮ್ಮೂರ ಮಸೀದಿಯಲ್ಲಿ ಶುಕ್ರವಾರದ ನಮಾಜು ಮಾಡಿಸಲು ಸ್ಕೂಟಿ ಮೇಲೆ ಬರುತ್ತಿದ್ದರು. ನನಗಿಂತ ಆರೇಳು ವರ್ಷ ಚಿಕ್ಕವರು, ಮೆಲುಮಾತಿನವರು, ನೇಮದಲ್ಲಿ ಮಾತ್ರ ಎಳ್ಳಷ್ಟೂ ಸಡಿಲ ಬಿಡದವರು. ಸಭೆಯಲ್ಲಿ ನಮ್ಮಿಬ್ಬರನ್ನೂ ಪಕ್ಕಪಕ್ಕ ಕೂಡಿಸಿ, ಒಂದೇ ಬಣ್ಣದ ಶಾಲು ಹೊದಿಸಿ, ಕೈ ಕೈ ಹಿಡಿದುಕೊಳ್ಳಿ ಎಂದು ಹೇಳಿ ಫೋಟೋ ತೆಗೆಯುತ್ತಿದ್ದರು. ಮೂರನೆಯ ಸಲ ಹೀಗೆ ಕೈ ಹಿಡಿದಾಗ ಮೌಲಾನಾ ನನ್ನ ಕಿವಿಯಲ್ಲಿ ಅಂದರು:

"ಅಪ್ಪಾರ, ಸಂತ್ಯಾಗ ಮಾರಾಕ ನಿಲ್ಲಿಸಿದ ಜೋಡಿ ಎತ್ತಿನಂಗ ಆಗೇತಲ್ರಿ ನಮ್ಮ ಹಾಲತ್."

"ಯಾರೂ ಬಾಯಿ ತಗದ ಹಲ್ಲ ನೋಡವಲ್ರು, ಅದ ಪುಣ್ಯಾ," ಅಂದೆ ನಾನು.

ಅವತ್ತಿನಿಂದ ಗೆಳೆತನ. ಎಲ್ಲಿಯಾದರೂ ತಂಟೆ ಎಂದು ಸುದ್ದಿ ಬಂದರೆ ಅವರ ಸ್ಕೂಟಿಯ ಹಿಂದೆ ಕೂತು ಹೊರಡುತ್ತಿದ್ದೆ. ಕಾವಿ ಚಕ್ರಕ್ಕೆ ಸಿಕ್ಕೀತೆಂದು ಮೊಳಕಾಲಿನವರೆಗೆ ಎತ್ತಿ ಹಿಡಿದು ಕೂತ ಸ್ವಾಮಿಯನ್ನು ನೋಡಿ ದ್ರಾಕ್ಷಿ ತೋಟದ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಮ್ಮದೊಂದು ಪದ್ಧತಿ ಇತ್ತು. ಸಿಟ್ಟಾದವರ ಮನೆಗೆ ಹೋದ ಕೂಡಲೇ ಮೊದಲು ಕುಡಿಯಲು ನೀರು ಕೇಳುವುದು. ನೀರು ಕೊಟ್ಟ ಮನುಷ್ಯ ಕೂಡಲೇ ಬೈಯುವುದಿಲ್ಲ, ಎರಡು ನಿಮಿಷವಾದರೂ ತಡೆಯುತ್ತಾನೆ. ಆ ಎರಡು ನಿಮಿಷದಲ್ಲಿ ನಾವು ಮಾತು ಶುರು ಮಾಡುತ್ತಿದ್ದೆವು. ಮೆರವಣಿಗೆ ಮಸೀದಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಮೈಕಿನ ಬಾಯಿ ಯಾವ ಕಡೆ ತಿರುಗಿರಬೇಕು, ಒಬ್ಬ ಹುಡುಗ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ ಚಿತ್ರವನ್ನು ತೆಗೆಸುವುದು ಹೇಗೆ, ಇಂಥವನ್ನೆಲ್ಲ ಬಗೆಹರಿಸಿದ್ದೆವು. ಅದರಿಂದ ನನಗೆ ಸೊಕ್ಕೂ ಬಂದಿತ್ತು. ನಾವಿಬ್ಬರು ಹೋದರೆ ಎಂಥ ಬೆಂಕಿಯೂ ಆರುತ್ತದೆ ಎಂದು ನಂಬಿದ್ದೆ.

ನಮ್ಮೂರಲ್ಲಿ ಗಾದಿ ಹೊಲಿಯುವ ಒಬ್ಬ ಕಾಕಾ ಇದ್ದ. ಮುಸಲ್ಮಾನರವನು, ಎಪ್ಪತ್ತರ ಮೇಲಾಗಿತ್ತು. ಬಸ್ಸು ನಿಲ್ಲುವ ಕಟ್ಟೆಯ ಎದುರಿಗೆ ಅವನ ತಗಡಿನ ಅಂಗಡಿ, ಒಳಗೆ ಹತ್ತಿ ಹಿಂಜುವ ಮಷೀನು. ಹುಬ್ಬಿನಲ್ಲಿ, ಗಡ್ಡದಲ್ಲಿ ಯಾವಾಗಲೂ ಹತ್ತಿಯ ಎಳೆ. ಊರಲ್ಲಿ ಮದುವೆಯಾದ ಜೋಡಿಗಳೆಲ್ಲ ಅವನು ಹೊಲಿದ ಗಾದಿಯ ಮೇಲೆಯೇ ಮಲಗಿದವರು. ಆ ವಿಷಯದಲ್ಲಿ ಅವನು ಮಾಡುತ್ತಿದ್ದ ಚೇಷ್ಟೆಯನ್ನು ಸ್ವಾಮಿಯಾದವನು ಬರೆಯುವಂತಿಲ್ಲ. ಪ್ರತಿ ಬೇಸಿಗೆ ಮಠಕ್ಕೆ ಬಂದು ನಮ್ಮ ಗಾದಿಗಳನ್ನು ಬಿಚ್ಚಿ, ಹತ್ತಿಯನ್ನು ಅಂಗಳದ ಬಿಸಿಲಿಗೆ ಹರಡಿ, ಮತ್ತೆ ತುಂಬಿ ಹೊಲಿಯುತ್ತಿದ್ದ. ಅವನು ಹೊಲಿಯುತ್ತ ಕೂತ ಎರಡು ದಿನ ನಾನು ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ ಎಂದು ಮಠದವರು ಹೇಳುತ್ತಾರೆ.

ಅವನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಳ್ಳದ ದಂಡೆಯ ಖಬರಸ್ತಾನದಲ್ಲಿ ಆಕೆಯ ಗೋರಿ. ಅದರ ಮಗ್ಗುಲಿಗೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಬಿಟ್ಟು ಸುತ್ತ ನಾಲ್ಕು ಕಲ್ಲು ನೆಟ್ಟಿದ್ದ. ಮಗ ವಿಜಯಪುರದ ಜಲನಗರದಲ್ಲಿದ್ದ, ಒಂದು ಆಫೀಸಿನಲ್ಲಿ ಡ್ರೈವರ್ ಕೆಲಸ. ಬಾ ಎಂದು ಎಷ್ಟು ಕರೆದರೂ ಕಾಕಾ ಹೋಗುತ್ತಿರಲಿಲ್ಲ.

"ಅಲ್ಲಿ ಸತ್ರ ಅಲ್ಲೇ ಹುಗೀತಾರ್ರಿ ಅಪ್ಪಾರ," ಅನ್ನುತ್ತಿದ್ದ. "ಐವತ್ತ ವರ್ಷ ನನ್ನ ಮಗ್ಗಲದಾಗ ಮಲಗ್ಯಾಳ. ಈಗ ಹಳ್ಳದ ದಂಡಿಗಿ ಒಬ್ಬಾಕಿನ್ನ ಬಿಟ್ಟ ಹೋದ್ರ ಅಂಜತಾಳ್ರಿ ಆಕಿ."

ಅವನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ.

ಆಷಾಢದಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿಯೇ ಹೆಚ್ಚು. ಅಂಥದೊಂದು ಮುಂಜಾನೆ ಬಸ್ ಕಟ್ಟೆಯ ಕಂಬದ ಮೇಲಿದ್ದ ಭಗವಾ ಧ್ವಜ ಗಟಾರದಲ್ಲಿ ಬಿದ್ದಿತ್ತು. ಮೊದಲು ನೋಡಿದವನು ಅದನ್ನು ಎತ್ತುವುದು ಬಿಟ್ಟು ಫೋಟೋ ತೆಗೆದ. ಚಹಾ ಕುಡಿಯುವ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಮೊಬೈಲುಗಳಲ್ಲೆಲ್ಲ ಆ ಫೋಟೋ ಇತ್ತು. ನಸುಕಿನ ನಮಾಜಿಗೆ ಆ ಕಟ್ಟೆಯ ಮುಂದೆ ಹಾದುಹೋದವನು ಕಾಕಾ ಒಬ್ಬನೇ ಎಂದು ಯಾರೋ ಅಂದರು. ಹಾದುಹೋದದ್ದು ನಿಜವೇ, ದಿನಾ ಹೋಗುತ್ತಿದ್ದ. ಊರ ಬಾಯಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಊರ ಹಿರಿಯರು ಮಠಕ್ಕೆ ಬಂದರು. ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಒಂದು ರೂಢಿ ಇದೆ. ಬಾವಿಯ ಪಂಪು ಕಳುವಾಗಲಿ, ಬದುವಿನ ಕಲ್ಲು ಸರಿಯಲಿ, ಅನುಮಾನ ಬಿದ್ದವನು ಜಳಕ ಮಾಡಿ ಬಂದು ಗದ್ದುಗೆ ಮುಟ್ಟಿ "ನಾ ಮಾಡಿಲ್ಲ" ಎಂದು ಮೂರು ಸಲ ಹೇಳಬೇಕು. ಹೇಳಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತು ಎತ್ತಿದವನೇ ತಪ್ಪುಗಾರ. ಮುಟ್ಟಲು ಹಿಂಜರಿದರೆ ಅವನೇ ಕಳ್ಳ. ಊರಿನ ಮುಸಲ್ಮಾನರೂ ಇದನ್ನು ನಡೆಸಿಕೊಂಡು ಬಂದವರೇ. ಕಾಕಾನ ಅಪ್ಪ ಒಂದು ಆಡಿನ ಜಗಳದಲ್ಲಿ ಗದ್ದುಗೆ ಮುಟ್ಟಿದ್ದನಂತೆ.

"ಕಾಕಾ ಆಣಿ ಮಾಡ್ಲಿ ಅಪ್ಪಾರ. ಹುಡುಗೂರ ಬಾಯಿ ಮುಚ್ಚತೈತಿ," ಅಂದರು ಹಿರಿಯರು.

ನನಗೆ ಹಿಗ್ಗಾಯಿತು. ಕೇಸಿಲ್ಲದೆ, ಪೊಲೀಸರಿಲ್ಲದೆ ಒಂದು ಗಳಿಗೆಯಲ್ಲಿ ಮುಗಿಯುವ ಕೆಲಸ. ಕಾಕಾ ಮಾಡಿಲ್ಲವೆಂದು ನನಗೆ ಗೊತ್ತೇ ಇತ್ತು. ತನ್ನ ಅಂಗಡಿಯ ಅಟ್ಟದ ಮೇಲಿನ ಹತ್ತಿ ಗಂಟು ಇಳಿಸಲು ಬೇರೆಯವರನ್ನು ಕರೆಯುತ್ತಿದ್ದ ಮುದುಕ ಆ ಕಂಬ ಹತ್ತುವುದೆಂದರೇನು? ಈ ಮಾತನ್ನು ಹಿರಿಯರ ಮುಂದೆ ಆಡಬೇಕಿತ್ತು, ಆಡಲಿಲ್ಲ. ಆಣೆ ಇರುವಾಗ ವಾದ ಯಾಕೆ ಅಂದುಕೊಂಡೆ.

ಮೌಲಾನಾರಿಗೆ ಫೋನು ಮಾಡಿದೆ. "ಖರೇ ಇದ್ದಾಂವ ಆಣಿ ಮಾಡಾಕ ಏನ್ ತೊಂದ್ರಿ ಅಪ್ಪಾರ? ಮಾಡ್ಲಿ ಬಿಡ್ರಿ. ನಾನೂ ಬರ್ತೇನಿ," ಅಂದರು. ಏನು ಮುಟ್ಟಿ ಮಾಡಬೇಕು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷ ಒಂದೇ ಸ್ಕೂಟಿಯ ಮೇಲೆ ಓಡಾಡಿದ್ದೆವು. ಅವರ ಮಸೀದಿಯಲ್ಲಿ ಅವರು ಏನು ಕಲಿಸುತ್ತಾರೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ, ನನ್ನ ಮಠದಲ್ಲಿ ಏನು ನಡೆಯುತ್ತದೆ ಎಂದು ಅವರೂ ಕೇಳಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಕಾಕಾ ಬಂದ. ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ಹುಬ್ಬಿನ ಹತ್ತಿಯನ್ನೂ ತೊಳೆದುಕೊಂಡಿದ್ದ. ಅಂಗಳದ ತುಂಬ ಜನ. ಮೌಲಾನಾ ನನ್ನ ಪಕ್ಕದಲ್ಲಿ ನಿಂತಿದ್ದರು. ನಾನು ಗದ್ದುಗೆಯ ಬಾಗಿಲು ತೆಗೆದು, "ಬಾ ಕಾಕಾ, ಮುಟ್ಟಿ ಹೇಳು," ಅಂದೆ.

ಕಾಕಾ ಎರಡು ಹೆಜ್ಜೆ ಇಟ್ಟು ನಿಂತ. ತಿರುಗಿ ಮೌಲಾನಾರ ಮುಖ ನೋಡಿದ. ಮೌಲಾನಾರ ಮುಖ ಬಿಳಿಚಿಕೊಂಡಿತ್ತು. ನನಗೆ ಆಮೇಲೆ ಗೊತ್ತಾದದ್ದು ಇದು: ಸಾಲಾಗಿ ನಾಲ್ಕು ಶುಕ್ರವಾರ ಅವರು ಮಸೀದಿಯಲ್ಲಿ ಹೇಳಿದ್ದರು, ಅಲ್ಲಾಹನ ಹೆಸರಿನ ಹೊರತು ಬೇರೆ ಯಾವುದರ ಮೇಲೂ ಆಣೆ ಸಲ್ಲದು, ಗೋರಿಯ ಮೇಲಾಗಲಿ, ಹೆತ್ತ ಮಕ್ಕಳ ತಲೆಯ ಮೇಲಾಗಲಿ. ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದವನು ಕಾಕಾನೇ. ಹೆಂಡತಿ ಹೋದ ಮೇಲೆ ಅವನಿಗೆ ಮೌಲಾನಾರ ಮಾತೇ ಆಸರೆಯಾಗಿತ್ತು.

"ಅಲ್ಲಾನ ಮ್ಯಾಲಾಣಿ, ನಾ ಮಾಡಿಲ್ರಿ," ಅಂದ ಕಾಕಾ, ನಿಂತಲ್ಲಿಂದಲೇ.

"ಗದ್ದಿಗಿ ಮುಟ್ಟಿ ಹೇಳೋ ಕಾಕಾ," ಹಿಂದಿನಿಂದ ಒಬ್ಬ ಕೂಗಿದ. "ನಿಮ್ಮಪ್ಪ ಮುಟ್ಟಿದ್ನಲ್ಲ, ನಿನಗೇನ ಆಗೇತಿ?"

ಕಾಕಾ ಮತ್ತೆ ಮೌಲಾನಾರನ್ನು ನೋಡಿದ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ತುಟಿ ಅಲುಗಿತು ಅಷ್ಟೇ. ಹೂಂ ಅಂದರೆ ತಾವು ಕಲಿಸಿದ್ದು ಸುಳ್ಳಾಗುತ್ತಿತ್ತು, ಊಹೂಂ ಅಂದರೆ ಅಂಗಳ ಹೊತ್ತಿ ಉರಿಯುತ್ತಿತ್ತು. ಆಗ ಮಾತಾಡಬೇಕಾದವನು ನಾನು. ಅವನು ಹೇಳಿದ್ದು ನನಗೆ ಸಾಕು, ಎಲ್ಲರೂ ಮನೆಗೆ ನಡೀರಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಗುರುಗಳ ಗದ್ದುಗೆಯನ್ನು ಒಬ್ಬ ಮನುಷ್ಯ ಊರೆದುರಿಗೆ ಮುಟ್ಟಲೊಲ್ಲೆ ಎಂದದ್ದು ನನ್ನನ್ನು ಚುಚ್ಚಿತ್ತು. ಸಿಟ್ಟು ನೆತ್ತಿಗೇರಿತ್ತು.

"ಮುಟ್ಟಿದ್ರ ಕೈ ಸುಡತೈತೇನು?" ಅಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಕಾ ನನ್ನನ್ನು ಒಂದು ಸಲ ನೋಡಿ, ತಲೆ ತಗ್ಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಂಗಳದಲ್ಲಿ ಗುಜುಗುಜು ಎದ್ದಿತು. ಕಳ್ಳ ಯಾರೆಂದು ಸ್ವಾಮಿಗಳ ಬಾಯಿಂದಲೇ ಬಂದಂತಾಗಿತ್ತು.

ಜನ ಹೋದ ಮೇಲೆ ಮಠದ ಹಿತ್ತಲಲ್ಲಿ ನಾನೂ ಮೌಲಾನಾರೂ ಜಗಳಾಡಿದೆವು.

"ಒಂದ ಸಲ ಮುಟ್ಟಿದ್ರ ನಿಮ್ಮ ಅಲ್ಲಾ ಬಿಟ್ಟ ಓಡಿಹೋಗ್ತಿದ್ನೇನ್ರಿ?" ಅಂದೆ.

"ಒಂದ ಸಲ ಮುಟ್ಟದಿದ್ರ ನಿಮ್ಮ ಗದ್ದಿಗಿ ಕುಸದ ಬೀಳ್ತಿತ್ತೇನ್ರಿ?" ಅಂದರು ಅವರು. ಆ ಮೆಲುಮಾತಿನ ಮನುಷ್ಯನ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಇಬ್ಬರೂ ಅವತ್ತು ಬೀದಿ ಜಗಳದವರ ಹಾಗೆ ಕೈ ಮಾಡಿ ಮಾಡಿ ಕೂಗಿದೆವು. ಅವರು ನೀರು ಕೂಡ ಕುಡಿಯದೆ ಸ್ಕೂಟಿ ಹತ್ತಿ ಹೋದರು.

ಯಾರೂ ಕಾಕಾನ ಮೈ ಮುಟ್ಟಲಿಲ್ಲ. ಗಾದಿ ಹೊಲಿಯಲು ಕೊಟ್ಟವರು ಅರ್ಧ ಹಿಂಜಿದ ಹತ್ತಿಯನ್ನು ಚೀಲದಲ್ಲಿ ತುಂಬಿಕೊಂಡು ಒಯ್ದರು. ಹೋಟೆಲಿನವನು ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗಲೇ ಚಹಾ ಮುಗಿದೈತಿ ಅಂದ. ಮಷೀನಿನ ಸದ್ದು ನಿಂತಿತು. ಕಾಕಾ ಅಂಗಡಿ ತೆಗೆದು ಸುಮ್ಮನೆ ಕೂತಿರುತ್ತಿದ್ದ, ನಾನು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದು ಹೋಗುತ್ತಿದ್ದೆ.

ಹನ್ನೆರಡನೆಯ ದಿನ, ಕಟ್ಟೆಯ ಕಂಬಕ್ಕೆ ಏರಿಸಿದ್ದ ಹೊಸ ಧ್ವಜವೂ ಬಿತ್ತು. ನಡುಮಧ್ಯಾಹ್ನ, ಬಸ್ಸಿಗೆ ಕಾದು ನಿಂತ ಇಪ್ಪತ್ತು ಜನರ ಕಣ್ಣೆದುರಿಗೆ, ಗಾಳಿಗೆ ಹಗ್ಗ ಹರಿದು, ಅದೇ ಗಟಾರಕ್ಕೆ. ಅವತ್ತು ಬಸ್ಸಿಗೆಂದು ಬರಲೇಬೇಕಾಗಿ ನಾನೂ ಅಲ್ಲಿದ್ದೆ. ಎದೆಯ ಮೇಲಿನ ಕಲ್ಲು ಸರಿದಂತಾಯಿತು. "ನೋಡಿದ್ರೇನು? ಎಲ್ಲಾರೂ ನೋಡಿದ್ರೇನು?" ಎಂದು ಕೂಗಿದೆ. ಒಬ್ಬ ತರುಣ ಧ್ವಜ ಎತ್ತಿ ತೊಳೆದು, ಕಂಬ ಹತ್ತಿ ತಂತಿಯಿಂದ ಬಿಗಿದು ಕಟ್ಟಿ ಇಳಿದ.

"ಇವತ್ತ ಗಾಳಿಗೇ ಬಿತ್ತು, ಖರೇರಿ ಅಪ್ಪಾರ," ಅಂದ ಅವನು ಕೈ ಒರೆಸಿಕೊಳ್ಳುತ್ತಾ. "ಆದ್ರ ಅಂವ ಆಣಿ ಯಾಕ ಮಾಡ್ಲಿಲ್ಲ?"

ಎಲ್ಲರೂ ನನ್ನ ಮುಖ ನೋಡಿದರು. ಅಲ್ಲಾಹನ ಹೆಸರಿನಲ್ಲಿ ಮಾಡಿದ್ದನಲ್ಲ ಎಂದೆ. ಯಾರಿಗೂ ಅದು ಲೆಕ್ಕಕ್ಕೆ ಬರಲಿಲ್ಲ. ಗದ್ದುಗೆ ಮುಟ್ಟು ಎಂದು ಬಾಗಿಲು ತೆಗೆದು ನಿಂತವನು ನಾನೇ. ಆ ಪ್ರಶ್ನೆಯನ್ನು ಊರಿನ ಕೈಗೆ ಕೊಟ್ಟವನೂ ನಾನೇ.

ಮುಂದಿನ ವಾರ ಸಂಜೆ ಹೊತ್ತು ಯಾರೋ ತಗಡಿನ ಅಂಗಡಿಯ ಮೇಲೆ ಕಲ್ಲು ತೂರಿದರು. ಮರುದಿನ ಮಗ ಸಣ್ಣ ಗೂಡ್ಸ್ ಗಾಡಿ ತಂದ. ಕಾಕಾ ಹೊಸ್ತಿಲು ಬಿಟ್ಟು ಏಳಲಿಲ್ಲ. "ಯಪ್ಪಾ, ನಿನ್ನ ಕಾಲಿಗಿ ಬೀಳ್ತೇನಿ, ಏಳು," ಎಂದು ಮಗ ಅಳುತ್ತಾ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದ.

ಆಮೇಲೆ ನಾನು ಒಬ್ಬನೇ ಮನೆಮನೆಗೆ ಹೋದೆ. ಎಲ್ಲ ಮನೆಯಲ್ಲೂ ನೀರು ಕೇಳಿದೆ, ಎಲ್ಲರೂ ಕೊಟ್ಟರು. ಸ್ವಾಮಿಯ ಜೊತೆ ನಮ್ಮ ಜನ ವಾದ ಮಾಡುವುದಿಲ್ಲ. ಕಾಲು ಮುಟ್ಟಿ, "ಆತ್ರಿ ಅಪ್ಪಾರ, ನೀವ ಹೇಳಿದಂಗ" ಎಂದು ಬಾಗಿಲವರೆಗೆ ಕಳಿಸಿಕೊಟ್ಟು, ಆಮೇಲೆ ತಮಗೆ ಬೇಕಾದ್ದನ್ನೇ ಮಾಡುತ್ತಾರೆ. ಎದುರು ನಿಂತು ಬೈದಿದ್ದರೆ ಬಗ್ಗಿಸುತ್ತಿದ್ದೆ. ಕಾಲಿಗೆ ಬಿದ್ದವನನ್ನು ಎಲ್ಲಿ ಹಿಡಿದು ಬಗ್ಗಿಸುವುದು? ಕೊನೆಗೆ ನಾನೇ ಗದ್ದುಗೆ ಮುಟ್ಟಿ ಹೇಳುತ್ತೇನೆ, ಕಾಕಾ ಮಾಡಿಲ್ಲ ಎಂದೆ. ಹಿರಿಯರು ಗಾಬರಿಯಾಗಿ ಕೈ ಮುಗಿದರು. "ಛೇ ಛೇ, ನಿಮ್ಮ ಆಣಿ ನಮಗ್ಯಾಕ್ರಿ? ನೀವ ದೇವರಿದ್ದಂಗ. ಅಂವಂದ ಬೇಕಿತ್ತು," ಅಂದರು. ಆ ದಿನಗಳಲ್ಲಿ ಪೂಜೆಗೆ ಕೂತರೆ ಗದ್ದುಗೆಯ ಕಲ್ಲನ್ನು ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಮೌಲಾನಾ ಒಂದು ದಿನ ತಾವಾಗಿಯೇ ಬಂದು ಕಟ್ಟೆಯ ಮೇಲೆ ಕೂತರು.

"ಜೀವಕ್ಕ ಸಂಕಟ ಬಂದಾಗ ರಿಯಾಯಿತಿ ಐತ್ರಿ ನಮ್ಮಾಗ," ಅಂದರು. "ನಾನ ಹುಡುಗೂರಿಗಿ ಕಲಿಸೇನಿ. ಮುಟ್ಟು ಕಾಕಾ, ಅಲ್ಲಾ ಮಾಫ್ ಮಾಡ್ತಾನ ಅನ್ನಬೇಕಿತ್ತು. ಆ ಗಳಿಗಿಗಿ ನನ್ನ ನಾಲಿಗಿ ಏಳ್ಲಿಲ್ಲ ಅಪ್ಪಾರ."

ಇಬ್ಬರೂ ಕೂಡಿ ಜಲನಗರಕ್ಕೆ ಹೋದೆವು. ಮಗನ ಮನೆ ಬೀದಿಗೆ ಹತ್ತಿಕೊಂಡೇ ಇತ್ತು; ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಾಕಾ ಹೋಗಿ ಬರುವ ಆಟೋಗಳನ್ನು ನೋಡುತ್ತಾ ಕೂತಿದ್ದ. ಅರ್ಧ ಮನುಷ್ಯ ಆಗಿದ್ದ, ಮಾತಾಡಿದರೆ ದಮ್ಮು. ಸೊಸೆ ಚಹಾ ತಂದಳು. ನಡಿ ಕಾಕಾ, ಊರಿಗೆ ಹೋಗೋಣ, ನಿನ್ನ ಮನೆಯಲ್ಲೇ ನಾನೂ ಇರುತ್ತೇನೆ, ಯಾರು ಏನು ಮಾಡುತ್ತಾರೆ ನೋಡೋಣ ಎಂದೆ. ಅವನು ಬೀದಿಯಿಂದ ಕಣ್ಣು ತಿರುಗಿಸಿ ನನ್ನನ್ನು ನೋಡಿದ.

"ನಾ ಮಾಡೇನಿ ಅಂತ ನಿಮಗ ಅನಸಿತ್ತೇನ್ರಿ ಅಪ್ಪಾರ?" ಅಂದ.

"ಇಲ್ಲೋ ಕಾಕಾ. ಒಂದ ಗಳಿಗಿನೂ ಅನಸಿಲ್ಲ."

"ಮತ್ತ ಯಾಕ ಕೇಳಿದ್ರಿ?"

ನಾನು ಚಹಾದ ಲೋಟ ಕೆಳಗಿಟ್ಟೆ.

"ಊರ ಕೇಳಿದ್ದಕ್ಕ ನನಗ ಬ್ಯಾಸರಿಲ್ರಿ," ಅಂದ ಕಾಕಾ. "ಊರ ಅಂದ ಮ್ಯಾಲ ಕೇಳತೈತಿ. ನೀವ ಕೇಳಿದ್ರಿ ನೋಡ್ರಿ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ದೀಪಾವಳಿಗೆ ಮೊದಲೇ ಅವನು ಹೋಗಿಬಿಟ್ಟ. ಬೆಳಿಗ್ಗೆ ಮೌಲಾನಾ ಫೋನು ಮಾಡಿ, "ಹಳ್ಳದ ದಂಡಿಗಿ ತರೋಣ್ರಿ ಅಪ್ಪಾರ, ಇದೊಂದರ ಮಾಡೋಣ," ಎಂದು ಅತ್ತರು. ನಾನು ಹಿರಿಯರ ಮನೆಗೆ ಓಡಿದೆ. ಅವರು ಬೇಡ ಅನ್ನಲಿಲ್ಲ. "ನಾವೇನ ಒಲ್ಲೆ ಅನ್ನೂದಿಲ್ರಿ. ಹುಡುಗೂರ ನಮ್ಮ ಕೈಯಾಗಿಲ್ಲ. ಗದ್ದಲ ಆದ್ರ ನಮ್ಮ ಮ್ಯಾಲ ಬರಬಾರದು ನೋಡ್ರಿ," ಅಂದರು. ಪೊಲೀಸ್ ಅಧಿಕಾರಿಗೆ ಫೋನು ಹಚ್ಚಿದೆ. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. "ಸಿಟಿಯಾಗ ಮುಗಸ್ರಿ ಅಪ್ಪಾರ. ಶಾಂತಿ ಇರ್ಲಿ ಅಂತ ನೀವ ಸಭಾದಾಗ ಹೇಳ್ತೀರಲ್ರಿ," ಅಂದರು. ಹುಟ್ಟಿದ ಮೇಲೆ ಯಾರಿಗೂ ಬಾಗದವನು ನಾನು ಆ ಮುಂಜಾನೆ ಏಳೆಂಟು ಮನೆಗಳ ಬಾಗಿಲಲ್ಲಿ ಕೈ ಮುಗಿದು ನಿಂತೆ. ಒಬ್ಬರೂ ಜೊತೆಗೆ ಬರುತ್ತೇನೆ ಅನ್ನಲಿಲ್ಲ. ಹೆಣ ಕಾಯುವುದಿಲ್ಲ. ಮಧ್ಯಾಹ್ನದ ನಮಾಜಿನ ನಂತರ ವಿಜಯಪುರದಲ್ಲಿಯೇ, ಗುರುತಿಲ್ಲದವರ ಗೋರಿಗಳ ನಡುವೆ ಅವನನ್ನು ಮಣ್ಣು ಮಾಡಿದೆವು. ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಎಲ್ಲ ಮುಗಿದ ಮೇಲೆ ಮಗ ನನ್ನ ಹತ್ತಿರ ಬಂದ. "ಅಪ್ಪಾರ, ನನಗಂತೂ ಆ ಊರಿಗಿ ಹೋಗಾಕ ಧೈರ್ಯ ಇಲ್ಲ. ಅವ್ವನ ಗೋರಿ ಮ್ಯಾಲಿನ ಒಂದ ಹಿಡಿ ಮಣ್ಣರ ತಂದ ಕೊಡ್ರಿ. ಅಪ್ಪನ ಮಗ್ಗಲಿಗಿ ಹಾಕತೇನಿ," ಅಂದ. ಇಂಥದ್ದೆಲ್ಲ ನಮ್ಮಲ್ಲಿ ಇಲ್ಲ ಎಂದು ಮೌಲಾನಾ ಬೇರೆ ದಿನವಾಗಿದ್ದರೆ ಹೇಳುತ್ತಿದ್ದರು. ಅವತ್ತು ಮುಖ ಆ ಕಡೆ ತಿರುಗಿಸಿಕೊಂಡರು.

ಮರುದಿನ ಹಳ್ಳದ ದಂಡೆಗೆ ಹೋದೆ. ಕಾಕಾ ನೆಟ್ಟ ನಾಲ್ಕು ಕಲ್ಲುಗಳ ನಡುವೆ ಹುಲ್ಲು ಬೆಳೆದಿತ್ತು. ಆಕೆಯ ಗೋರಿಯ ಮೇಲಿನ ಮಣ್ಣನ್ನು ಹೆಗಲ ಮೇಲಿನ ವಲ್ಲಿಯ ಸೆರಗಿನಲ್ಲಿ ಕಟ್ಟಿಕೊಂಡು, ಅಲ್ಲೇ ಕೂತು ಅತ್ತೆ. ಆಮೇಲೆ ವಿಜಯಪುರದ ಬಸ್ಸಿಗೆಂದು ಕಟ್ಟೆಗೆ ಬಂದೆ. ಧ್ವಜಕ್ಕೆ ತಂತಿ ಕಟ್ಟಿದ ಆ ತರುಣ ಅಲ್ಲಿದ್ದ, ಅವನ ಜೊತೆ ಇನ್ನೂ ಐದಾರು ಜನ. ನನ್ನನ್ನು ನೋಡಿ ಎದ್ದು ಬಂದು ಕಾಲು ಮುಟ್ಟಿದ.

"ಗಂಟಿನ್ಯಾಗ ಏನೈತ್ರಿ ಅಪ್ಪಾರ?"

ಕಾಕಾನ ಹೆಂಡತಿಯ ಗೋರಿಯ ಮಣ್ಣು ಎಂದು ಹೇಳಲು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪೊಲೀಸ್ ಅಧಿಕಾರಿಗಳನ್ನೂ ಗದರಿಸಿದ ಸ್ವಾಮಿಗೆ ಅಂಜಿಕೆಯಾಯಿತು.

"ಮಠದ ಮಣ್ಣೋ," ಅಂದೆ. "ವಿಜಯಪುರದಾಗ ಭಕ್ತರೊಬ್ರು ಪತ್ರಿ ಗಿಡ ಹಚ್ಯಾರ. ಅದರ ಬುಡಕ್ಕ ಹಾಕಾಕ ಕೇಳಿದ್ರು."

ಅವನು ಗಂಟನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಬಂದು ಒತ್ತಿಕೊಂಡರು. ಬಸ್ಸು ಬಂದಾಗ ಹತ್ತಿಸಿ, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟರು. ನಾನು ಹೇಳಿದ್ದು ನಿಜವೇ ಎಂದು ಯಾರೂ ನನ್ನಿಂದ ಆಣೆ ಕೇಳಲಿಲ್ಲ.